ಮನಿಯವರ ಕಪಾಟು

ಸಂಕ್ರಾಂತಿ ಮುಗಿದ ಮರುವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಐದು ಖಾಲಿ ಗೋಣಿಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತೆ. ಪುಣೆಗೆ ಹೋಗುವವರು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಜೋಳದ ಹಿಟ್ಟು ಅಂತ ಚೀಲ ತುಂಬಿಕೊಂಡು ಹೋಗುತ್ತಾರೆ. ನಾನು ಖಾಲಿ ಚೀಲ ಒಯ್ಯುತ್ತಿದ್ದೆ. ಪಕ್ಕದ ಮನೆಯ ಸಾವಿತ್ರಿ, "ಅಕ್ಕೋರ, ಪುಣೆ ಲೂಟಿ ಮಾಡ್ಲಿಕ್ಕೆ ಹೊಂಟೀರೇನು?" ಅಂತ ನಕ್ಕಿದ್ದಳು. ನನಗೆ ನಗು ಬರಲಿಲ್ಲ. ಚೀಲ ಖಾಲಿಯಾಗಿಯೇ ವಾಪಸು ಬರಲಿ ಅಂತ ಮನೆದೇವರಿಗೆ ಕಾಯಿ ಹರಕೆ ಹೊತ್ತು ಹೊರಟಿದ್ದೆ.

ವಿಷಯ ಇಷ್ಟು. ನಮ್ಮ ಮನೆಯವರು ವಿಜಯಪುರದ ಒಂದು ಮುದ್ರಣಾಲಯದಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದರು. ಮೊಳೆಯ ಕಾಲ ಮುಗಿದು ಕಂಪ್ಯೂಟರು ಬಂದ ಮೇಲೆ ಅಲ್ಲಿಯೇ ಕುಳಿತು ಕರಡು ತಿದ್ದುತ್ತಿದ್ದರು. ಮನೆಯಲ್ಲಿ ಮುನ್ನೂರು ಚಿಲ್ಲರೆ ಪುಸ್ತಕ ಕೂಡಿಹಾಕಿದ್ದರು. ರೊಕ್ಕ ಕೊಟ್ಟು ತಂದ ಪುಸ್ತಕವನ್ನೂ ಪೆನ್ಸಿಲ್ ಹಿಡಿದೇ ಓದುವವರು. ಅಚ್ಚಿನ ತಪ್ಪು ಕಂಡರೆ ಸಾಕು, ಅಂಚಿನಲ್ಲಿ ತಿದ್ದಿ ಬರೆಯುತ್ತಿದ್ದರು. "ಅಚ್ಚಾಗಿ ಮುಗದದ, ಈಗ ತಿದ್ದಿ ಯಾರಿಗೆ ಕಳಸ್ತೀರಿ?" ಅಂತ ನಾನು ಕೇಳಿದರೆ, "ತಪ್ಪು ಕಂಡ ಮ್ಯಾಲ ಸುಮ್ನ ಹೆಂಗ ಇರ್ಲಿ?" ಅನ್ನುತ್ತಿದ್ದರು. ನಾನು ಕನ್ನಡ ಶಾಲೆಯ ಮಾಸ್ತರಣಿಯಾಗಿದ್ದೆ. ನನಗೂ ಅವರ ಒಂದು ಗುರುತು ರೂಢಿಯಾಯಿತು. ತಪ್ಪೆಂದು ಹೊಡೆದುಹಾಕಿದ ಪದ ಆಮೇಲೆ ಸರಿ ಅನ್ನಿಸಿದರೆ, ಅದರ ಕೆಳಗೆ ಸಾಲಾಗಿ ಚುಕ್ಕೆ ಇಡಬೇಕು. ಚುಕ್ಕೆ ಅಂದರೆ "ಇರಲಿ, ತೆಗೀಬ್ಯಾಡ್ರಿ" ಅಂತ ಅರ್ಥ.

ಅವರು ತೀರಿಹೋಗಿ ನಾಲ್ಕು ವರ್ಷ. ಹೋಗುವ ಮುಂದೆ ಒಂದೇ ಮಾತು ಹೇಳಿದ್ದರು, ಪುಸ್ತಕ ರದ್ದಿಗೆ ಹಾಕಬ್ಯಾಡ ಅಂತ. ನಾನಿರುವುದು ಎರಡು ಕೋಣೆಯ ಬಾಡಿಗೆ ಮನೆ, ಅದರಲ್ಲೂ ಗೆದ್ದಲು. ಮೂರು ವರ್ಷದ ಹಿಂದೆ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು. ಪುಣೆಯ ಹಡಪಸರದ ಮರಾಠಿ ವಾಚನಾಲಯವೊಂದರಲ್ಲಿ ಕನ್ನಡ ಕಪಾಟು ಇಡಲು ಒಪ್ಪಿದ್ದಾರೆ, ಪುಸ್ತಕ ಕೊಡುವವರು ಕೊಡಿ ಅಂತ. ಬರೆದಾಕೆ ಅನುಷಾ, ಮೈಸೂರಿನ ಹುಡುಗಿ, ಮಗರಪಟ್ಟಾದ ಯಾವುದೋ ಕಂಪನಿಯಲ್ಲಿ ಕೆಲಸ. ಗುರುತಿನವರ ದ್ರಾಕ್ಷಿ ಟೆಂಪೋದಲ್ಲಿ ಪುಸ್ತಕ ಕಳಿಸಿಕೊಟ್ಟೆ. ಹೆಣ್ಣು ಕೊಟ್ಟ ಮನೆಯ ಹಾಗೆ ಆಗಾಗ ಫೋನ್ ಮಾಡಿ ಹೆಂಗದಾವ ಅಂತ ಕೇಳುತ್ತಿದ್ದೆನೇ ಹೊರತು ಹೋಗಿ ನೋಡಿರಲಿಲ್ಲ.

ಹೋದ ವಾರ ಅನುಷಾಳೇ ಫೋನ್ ಮಾಡಿದಳು. "ಆಂಟಿ, ಸಾರಿ. ಕಮಿಟಿಯವರು ಡಿಸೈಡ್ ಮಾಡ್ಬಿಟ್ಟಿದಾರೆ. ಎಕ್ಸಾಮ್‌ಗೆ ಓದೋ ಸ್ಟೂಡೆಂಟ್ಸ್‌ಗೆ ಜಾಗ ಸಾಲ್ತಿಲ್ವಂತೆ. ಮುಂದಿನ ವಾರದ ಭಾನುವಾರ ಸಂಜೆ ಐದರೊಳಗೆ ಇಪ್ಪತ್ತೈದು ಜನ ಕನ್ನಡ ಮೆಂಬರ್ಸ್ ಫುಲ್ ಫಿಲ್ ಮಾಡಿ ಫಾರ್ಮ್ ಕೊಟ್ರೆ ಕಪಾಟು ಇರುತ್ತೆ. ಇಲ್ದಿದ್ರೆ ಬುಕ್ಸ್ ನೀವು ವಾಪಸ್ ತಗೋಬೇಕು." ವಾಪಸು ತಂದು ಎಲ್ಲಿಡಲಿ? ರದ್ದಿಯವನ ತಕ್ಕಡಿ ಬಿಟ್ಟರೆ ಬೇರೆ ಜಾಗ ಕಾಣಲಿಲ್ಲ.

ನಮ್ಮ ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ಟು ಸೊಲ್ಲಾಪುರದ ಬಸ್ಸಿಗೆ ನಡೆಯುವುದಿಲ್ಲ. ಹಾಗಾಗಿ ಗಡಿಯ ಹತ್ತಿರದ ಝಳಕಿಯ ತನಕ ಪುಕ್ಕಟೆ ಹೋಗಿ, ಅಲ್ಲಿ ಇಳಿದು, ಚಹಾ ಕುಡಿದು, ಸೊಲ್ಲಾಪುರದ ಬಸ್ಸು ಹತ್ತಿದೆ. ಕಂಡಕ್ಟರ್ ಎಪ್ಪತ್ತೈದು ರೂಪಾಯಿ ತೆಗೆದುಕೊಂಡ. ಭೀಮಾ ಹೊಳೆ ದಾಟುವಾಗ ನೀರಿನ ಮೇಲೆ ಇನ್ನೂ ಮಂಜಿತ್ತು. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಒಂದು ಗೋಣಿಚೀಲ ಬಿಚ್ಚಿ ಹೊದ್ದುಕೊಂಡು ಕೂತೆ. ಹತ್ತು ಗಂಟೆಗೆ ಸೊಲ್ಲಾಪುರ, ಹನ್ನೊಂದಕ್ಕೆ ಪುಣೆಯ ರೈಲು.

ರೈಲಿನಲ್ಲಿ ಎದುರಿಗೆ ಯಾದಗಿರಿ ಕಡೆಯ ಗಂಡ ಹೆಂಡತಿ ಕೂತಿದ್ದರು. ಹೆಂಡತಿ ಶರಣಮ್ಮ, ಮೂವತ್ತರ ಆಸುಪಾಸು, ಏಳನೆಯ ತರಗತಿ ಓದಿದವಳು. ತಮ್ಮನ ಮದುವೆ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದರು. ಹಡಪಸರದಲ್ಲಿ ಕಟ್ಟುತ್ತಿರುವ ಒಂದು ಬಿಲ್ಡಿಂಗಿನ ಹಿಂದೆ ತಗಡಿನ ಶೆಡ್ಡುಗಳಲ್ಲಿ ಇವರಂಥ ನಲವತ್ತು ಮನೆಗಳಂತೆ. ನಾನೂ ಹಡಪಸರಕ್ಕೇ ಅಂದಕೂಡಲೇ ಆಕೆಗೆ ಎಲ್ಲಿಲ್ಲದ ಖುಷಿ. ರೊಟ್ಟಿ, ಪುಂಡಿಪಲ್ಲೆ ಬಿಚ್ಚಿದಳು. ನಾನು ಶೇಂಗಾ ಹಿಂಡಿ ಕೊಟ್ಟೆ.

ದೌಂಡದಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಶರಣಮ್ಮನ ಗಂಡ ವಡಾಪಾವ್ ತರಲು ಇಳಿದವನು ಅಲ್ಲೇ ಯಾರ ಜೊತೆಗೋ ಮಾತಿಗೆ ನಿಂತ. ಗಾಡಿ ಸೀಟಿ ಹೊಡೆಯಿತು. ಶರಣಮ್ಮ ಕಿಟಕಿಯಿಂದ ಒದರತೊಡಗಿದಳು.

"ಏ ಸಿದ್ದ್ಯಾನ ಅಪ್ಪಾ! ಏ ಇವರ! ಏನ್ರೀ!"

ಪ್ಲಾಟ್‌ಫಾರ್ಮಿನ ತುಂಬ ಇವರೂ ಏನ್ರೀಗಳೂ ಇದ್ದರು. ಯಾರೂ ತಿರುಗಿ ನೋಡಲಿಲ್ಲ.

"ಹೆಸರು ಹಿಡದು ಒದರವಾ!" ಅಂದೆ.

ಆಕೆ ನಾಲಿಗೆ ಕಚ್ಚಿಕೊಂಡಳು. "ಅಯ್ಯ, ಹೆಂಗ್ ಹೇಳ್ಲಿರಿ ಅಕ್ಕೋರ?"

"ನನಗರ ಹೇಳು, ನಾ ಒದರ್ತೀನಿ."

ಗಾಡಿ ಅಲುಗಾಡಿತು. ಆಕೆ ಕೈ ಹಿಸುಕಿಕೊಂಡು, "ಲಂಕಾ ಸುಟ್ಟಾಂವ್ರೀ, ಲಂಕಾ ಸುಟ್ಟಾಂವ!" ಅಂದಳು.

"ಏ ಹಣಮಂತಾ!" ಅಂತ ನಾನು ಶಾಲೆಯ ಧ್ವನಿಯಲ್ಲಿ ಒದರಿದೆ. ಮೂವರು ತಿರುಗಿ ನೋಡಿದರು. ಅವರಲ್ಲಿ ಒಬ್ಬ ವಡಾಪಾವಿನ ಪುಡಿಕೆ ಹಿಡಿದು ಓಡಿಬಂದು ಹತ್ತಿದ. ಡಬ್ಬಿಯ ತುಂಬ ನಗು. ಶರಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಆಮೇಲೆ ಅತ್ತಳು. "ಬಿಟ್ಟೇ ಹೋಗ್ತಿದ್ರಲ್ರಿ" ಅಂತ. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ನೆನಪಾಯಿತು, ಅರವತ್ನಾಲ್ಕು ವರ್ಷದ ನಾನೂ ನಮ್ಮ ಮನೆಯವರ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿಲ್ಲ. ಆಧಾರ್ ಕಾರ್ಡಿನ ಕಾಲದಲ್ಲಿ ಇದೆಂಥದು ಅನ್ನುತ್ತೀರಿ. ಕಾರ್ಡು ಇದ್ದದ್ದೇ ನಮಗೆ ಅನುಕೂಲವಾಗಿದೆ. ಕಚೇರಿಯವರು ಕೇಳಿದರೆ ಕಾರ್ಡು ಮುಂದೆ ಚಾಚುತ್ತೇವೆ, ಬಾಯಿ ಬಿಡುವುದಿಲ್ಲ. ಅವರ ಮರಣದ ದಾಖಲೆ ತರುವಾಗಲೂ ನಾನು ಮಾಡಿದ್ದು ಅದನ್ನೇ.

ನಾಲ್ಕು ಗಂಟೆಗೆ ಪುಣೆ. ಅಲ್ಲಿಂದ ಹಡಪಸರಕ್ಕೆ ಸಿಟಿ ಬಸ್ಸಿನಲ್ಲಿ ಮುಕ್ಕಾಲು ತಾಸು ನಿಂತುಕೊಂಡೇ ಹೋದೆ. ಗಾಡೀತಳದ ಸ್ಟಾಪಿನಲ್ಲಿ ಅನುಷಾ ಸ್ಕೂಟರ್ ಹಿಡಿದು ಕಾಯುತ್ತಿದ್ದಳು. ದಪ್ಪ ಕನ್ನಡಕ, ಸಣ್ಣ ಮುಖ. ನನ್ನ ಗೋಣಿಚೀಲ ನೋಡಿದವಳೇ ಕಣ್ಣು ತುಂಬಿಕೊಂಡಳು. "ಆಂಟಿ, ನೀವು ಆಲ್ರೆಡಿ ಗಿವ್ ಅಪ್ ಮಾಡ್ಬಿಟ್ರಾ?"

"ಛತ್ರಿ ಒಯ್ದರ ಮಳಿ ಬರೂದಿಲ್ಲವ್ವಾ. ಅದಕ್ಕ ತಂದೀನಿ" ಅಂದೆ.

ಆಕೆಯ ಮನೆಯಲ್ಲಿ ತಿಳಿಸಾರು ಅನ್ನ ಉಂಡು ಫಾರ್ಮುಗಳನ್ನು ಹರವಿಕೊಂಡು ಕೂತೆವು. ಕಮಿಟಿಯಲ್ಲಿ ಮಾತು ಎದ್ದಾಗಿನಿಂದಲೇ ಅವಳು ಮೂರು ಭಾನುವಾರ ಶೆಡ್ಡುಗಳಿಗೆ ಅಲೆದು ಇಪ್ಪತ್ತೈದು ಫಾರ್ಮು ತುಂಬಿಸಿದ್ದಳು. ಅದರಲ್ಲಿ ಹನ್ನೊಂದು ಪೂರ್ತಿ. ಉಳಿದ ಹದಿನಾಲ್ಕರಲ್ಲಿ ಒಂದೊಂದು ಖಾನೆ ಖಾಲಿ. ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳ ಪೂರ್ಣ ಹೆಸರು ಅಂದರೆ ತನ್ನ ಹೆಸರು, ನಡುವೆ ತಂದೆಯ, ಮದುವೆಯಾಗಿದ್ದರೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ನಡುವಿನದು ಇಲ್ಲದಿದ್ದರೆ ಫಾರ್ಮು ಅಪೂರ್ಣ.

"ಹಸ್ಬೆಂಡ್ ನೇಮ್ ಕೇಳಿದ್ರೆ ಸಾಕು, ಎಲ್ರೂ ನಗ್ತಾರೆ, ಓಡ್ಹೋಗ್ತಾರೆ" ಅಂದಳು ಅನುಷಾ. "ಕಂಟ್ರಾಕ್ಟರ್‌ಗೆ ಹೆದರ್ತಿದಾರೆ ಅನ್ಸುತ್ತೆ. ನಾನು ಡೇಟಾ ಸೇಫ್ ಆಗಿರುತ್ತೆ ಅಂತ ಎಷ್ಟು ಎಕ್ಸ್‌ಪ್ಲೇನ್ ಮಾಡ್ದೆ ಗೊತ್ತಾ?"

ನನಗೆ ದೌಂಡ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. "ಹುಚ್ಚಿ, ಅವರು ಯಾರಿಗೂ ಹೆದರಿಲ್ಲ. ಗಂಡನ ಹೆಸರು ಬಾಯಾಗ ಹೆಂಗ್ ಹೇಳೂದು ಅಂತ ನಾಚಿಕೊಂಡಾರ" ಅಂತ ಬಿಡಿಸಿ ಹೇಳಿದೆ. ಆಕೆ ಬಾಯಿ ತೆರೆದು ಕೂತಳು. ಹಾಗಾದರೆ ಒಬ್ಬರ ಗಂಡನ ಹೆಸರು ಇನ್ನೊಬ್ಬರನ್ನು ಕೇಳಿ ಬರೆದುಬಿಡೋಣ ಅಂದೆ. ಅದು ನಡೆಯುವುದಿಲ್ಲವಂತೆ, ಕಾರ್ಡು ಚಾಚಿದರೂ ಸಾಲದಂತೆ. ಹಿಂದೊಮ್ಮೆ ಯಾರೋ ಸುಳ್ಳು ಹೆಸರು ತುಂಬಿದ್ದರಿಂದ, ಸದಸ್ಯರು ತಾವೇ ಬಂದು ಗ್ರಂಥಪಾಲರ ಮುಂದೆ ಹೆಸರು ಹೇಳಿ ಸಹಿ ಹಾಕಬೇಕು.

ಶನಿವಾರ ಬೆಳಿಗ್ಗೆ ವಾಚನಾಲಯಕ್ಕೆ ಹೋದೆವು. ಹಳೆಯ ಕಟ್ಟಡದ ಕೆಳ ಅಂತಸ್ತು, ಮುಂದೆ ಬೇವಿನ ಗಿಡ. ಅವರ ವಾಚನ ಉತ್ಸವ ನಡೆದಿತ್ತು. ವರಾಂಡದ ಹಗ್ಗಕ್ಕೆ ಮಕ್ಕಳ ಚಿತ್ರ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದರು, ಒಂದು ಮೂಲೆಯಲ್ಲಿ ಹಳೆಯ ಪುಸ್ತಕಗಳ ಅದಲುಬದಲು. ಒಳಗೆ ಮಾತ್ರ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಸರ್ಕಾರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಜಾಗ ಸಿಗದ ಒಬ್ಬಳು ಮೆಟ್ಟಿಲ ಮೇಲೆ ತೊಡೆಯಲ್ಲಿ ಪುಸ್ತಕ ಇಟ್ಟುಕೊಂಡಿದ್ದಳು. ಜಗಳ ಮಾಡಲೇಬೇಕು ಅಂತ ಬಂದಿದ್ದ ನಾನು ಅವಳನ್ನು ನೋಡಿ ಸದ್ದಾಗದಂತೆ ಒಳಗೆ ನಡೆದೆ.

ಗ್ರಂಥಪಾಲೆ ಸುಲಭಾತಾಯಿ, ನನ್ನದೇ ವಯಸ್ಸು, ಬಿಳಿ ಕೂದಲು, ಖಡಕ್ ಹೆಂಗಸು. "ಬಸಾ, ಬಸಾ" ಅಂತ ಕೂಡಿಸಿ ತಿಳಗೂಳ, ಅಂದರೆ ಅವರ ಎಳ್ಳುಬೆಲ್ಲ, ಕೈಗಿತ್ತರು. ನಿಯಮ ಅಂದರೆ ನಿಯಮ, ಭಾನುವಾರ ಐದು ಗಂಟೆ, ಇಪ್ಪತ್ತೈದು ಫಾರ್ಮು, ಒಂದು ಕಡಿಮೆ ಆದರೂ ಕಮಿಟಿ ಒಪ್ಪುವುದಿಲ್ಲ ಅಂತ ಮರಾಠಿಯಲ್ಲಿ ಹೇಳಿದರು. ಆಮೇಲೆ ಕಪಾಟು ತೋರಿಸಿದರು.

ಮೂರು ವರ್ಷದ ನಂತರ ಅವರ ಪುಸ್ತಕಗಳನ್ನು ನೋಡಿದೆ. ಧೂಳಿಲ್ಲ, ಗೆದ್ದಲಿಲ್ಲ, ಒಂದೊಂದಕ್ಕೂ ಖಾಕಿ ರಟ್ಟು. ಒಂದನ್ನು ತೆಗೆದರೆ ಅಂಚಿನಲ್ಲಿ ಅದೇ ಪೆನ್ಸಿಲ್ ಅಕ್ಷರ. ತಲೆ ಎತ್ತಿದೆ, ಕಪಾಟಿನ ಮೇಲಿನ ಬಿಳಿ ಹಲಗೆ ಕಣ್ಣಿಗೆ ಬಿತ್ತು. ದೇವನಾಗರಿಯಲ್ಲಿ ದಪ್ಪಗೆ ಬರೆದಿತ್ತು:

"ಕೈ. ಮನಿಯಾವರ ಯಾಂಚಾ ಕನ್ನಡ ಗ್ರಂಥಸಂಗ್ರಹ."

"ಕೈ." ಅಂದರೆ ಕೈಲಾಸವಾಸಿ, ಯಾಂಚಾ ಅಂದರೆ ಇವರ, ಅದು ಸರಿ. ಆದರೆ ಈ ಮನಿಯಾವರ ಯಾರು? ಯಾರೋ ಬೇರೆಯವರ ಹೆಸರಿನ ಕೆಳಗೆ ನನ್ನ ಗಂಡನ ಪುಸ್ತಕ! ಸಿಟ್ಟು ನೆತ್ತಿಗೇರಿತು. ಕೇಳಿಯೇ ಬಿಟ್ಟೆ. ಸುಲಭಾತಾಯಿ ಹಳೆಯ ದಾನಿಗಳ ವಹಿ ತೆಗೆದು ತೋರಿಸಿದರು. ಪುಸ್ತಕ ಬಂದ ದಿನ ಇಲ್ಲಿಯ ಗುಮಾಸ್ತ ನನಗೆ ಫೋನ್ ಮಾಡಿದ್ದ, ನೆನಪಾಯಿತು. "ಪುಸ್ತಕಂ ಕೋಣಾಚೀ?" ಅಂದಿದ್ದ. ಕೋಣ ಅಂದನಲ್ಲ ಅಂತ ಸಿಟ್ಟಾಗುವಷ್ಟು ದಡ್ಡಿ ನಾನಲ್ಲ. ಯಾರ ಪುಸ್ತಕ ಅಂತ ಕೇಳುತ್ತಿದ್ದಾನೆ ಎಂದು ತಿಳಿದು, "ನಮ್ಮ ಮನಿಯವರವು" ಅಂದಿದ್ದೆ. ಆತ ಅದನ್ನೇ ಅಡ್ಡಹೆಸರು ಅಂದುಕೊಂಡು ಬರೆದುಕೊಂಡಿದ್ದ. ಯಜಮಾನರು ಅಂದಿದ್ದರೂ ಮರಾಠಿಯವರಿಗೆ ತಿಳಿಯುತ್ತಿತ್ತು. ನನ್ನ ನಾಲಿಗೆ ಅವತ್ತು ಮನಿಯವರು ಅಂತಲೇ ಹೊರಳಿತ್ತು. ಅನುಷಾಗೆ ಮರಾಠಿ ಓದಲು ಬರುವುದಿಲ್ಲ, ಅವಳಿಗೂ ಗೊತ್ತಾಗಿಲ್ಲ.

ಜೀವಮಾನವೆಲ್ಲ ಅಚ್ಚಿನ ತಪ್ಪು ತಿದ್ದಿದ ಮನುಷ್ಯ ಮೂರು ವರ್ಷದಿಂದ ತಾನೇ ಒಂದು ತಪ್ಪಾಗಿ ಹಲಗೆಯ ಮೇಲೆ ಕೂತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ.

ಸುಲಭಾತಾಯಿಗೆ ಬಹಳ ಕೆಟ್ಟದೆನಿಸಿತು. ಕೂಡಲೇ ಪೆನ್ನು ತೆಗೆದು, "ಮಗ ನಾವ ಕಾಯ?" ಅಂದರು. ಹಾಗಾದರೆ ಹೆಸರೇನು ಅಂತ. ನಾನು ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಅವರು ಕಾದರು. ಅನುಷಾ ಕಾದಳು. "ನಾಳಿ ಬರದು ಕೊಡ್ತೀನಿ" ಅಂದು ಎದ್ದುಬಂದೆ. ಆ ಹದಿನಾಲ್ಕು ಹೆಂಗಸರನ್ನು ನೋಡಿ ನಕ್ಕಿದ್ದ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಸಂಜೆ ಬಿಸಿಲು ಇರುವಾಗಲೇ ಶೆಡ್ಡುಗಳಿಗೆ ಹೋದೆವು. ಒಂದು ಕಡೆ ಮಗರಪಟ್ಟಾದ ಎತ್ತರದ ಬಿಲ್ಡಿಂಗುಗಳು, ಈ ಕಡೆ ತಗಡು, ಸೌದೆಯ ಹೊಗೆ, ಒಣಹಾಕಿದ ಇಳಕಲ್ ಸೀರೆ. ಶರಣಮ್ಮ ಓಡಿಬಂದಳು. ಖಾಲಿ ಖಾನೆಯ ಫಾರ್ಮುಗಳಲ್ಲಿ ಅವಳದೂ ಒಂದು. ಉಳಿದ ಹದಿಮೂರು ಮಂದಿಯನ್ನೂ ಅವಳೇ ಕೂಡಿಸಿದಳು. ಅವರಲ್ಲಿ ಹಿರಿಯಾಕೆ ಮಾದೇವಮ್ಮ, ಅಕ್ಷರ ಬಾರದ ವಿಧವೆ. ನಿನಗೆ ಪುಸ್ತಕ ಯಾಕವ್ವಾ ಅಂತ ಕೇಳಿದೆ. "ಮೊಮ್ಮಗಳು ಇಲ್ಲಿ ಮರಾಠಿ ಸಾಲಿಗಿ ಹೋಗ್ತದ್ರಿ. ಕನ್ನಡ ಮರೀತದ. ಆ ಚಾಳೀಸಿನ ಹುಡುಗಿ ಪುಸ್ತಕ ಕೊಟ್ಟ ಮ್ಯಾಲ ದಿನಾ ನನಗ ಓದಿ ಹೇಳ್ತದ. ನಾ ಕೇಳ್ತೀನಿ" ಅಂದಳು, ಅನುಷಾಳ ಕನ್ನಡಕದ ಕಡೆ ಬೆರಳು ಮಾಡಿ. ಹಗಲೆಲ್ಲ ಹೊತ್ತ ಭಾರ ಅದನ್ನು ಕೇಳುವಾಗ ಇಳೀತದ ಅಂದಳು. ನನ್ನ ಚಿಂತೆ ಅಲ್ಲಿಗೆ ಇಮ್ಮಡಿಯಾಯಿತು. ಅಲ್ಲಿಯವರೆಗೆ ನನ್ನ ಪುಸ್ತಕ ಹೋದಾವು ಅಂತ ಹೆದರುತ್ತಿದ್ದೆ, ಈಗ ಇವಳವು ಹೋದಾವು ಅನ್ನಿಸಿತು.

"ನಾಳಿ ಐತವಾರ, ರಜಾ. ಮೂರಕ್ಕ ಬರ್ತೀವಿ. ಖರೇ ಅಂದ್ರ ಖರೇ" ಅಂತ ಶರಣಮ್ಮ ನನ್ನ ಕೈಮೇಲೆ ಕೈ ಇಟ್ಟಳು.

ಭಾನುವಾರ ಮೂರಕ್ಕೆ ಯಾರೂ ಬರಲಿಲ್ಲ. ಸಭಾಂಗಣದಲ್ಲಿ ಒಬ್ಬ ನಿವೃತ್ತ ಗೃಹಸ್ಥರು ಕವಿತೆ ಓದುತ್ತಿದ್ದರು. ಕೊನೆಯದು, ಕೊನೆಯದು ಅನ್ನುತ್ತಲೇ ಏಳು ಓದಿದರು. ಮೂರೂವರೆಗೆ ಅನುಷಾ ಸ್ಕೂಟರ್ ಮೇಲೆ ಹೋಗಿ ನೋಡಿಬಂದಳು. ಮೇಲಿನ ಅಂತಸ್ತಿಗೆ ಅವತ್ತೇ ಸ್ಲ್ಯಾಬ್ ಹಾಕುತ್ತಿದ್ದರು. ಒಮ್ಮೆ ಕಾಂಕ್ರೀಟು ಸುರಿಯಲು ತೊಡಗಿದರೆ ನಡುವೆ ನಿಲ್ಲಿಸುವಂತಿಲ್ಲ, ರಜೆ ಇದ್ದವರನ್ನೂ ಕರೆಸಿದ್ದಾರೆ. ನಾಲ್ಕಾಯಿತು. ಹೆಂಗಸರ ಅರಿಶಿನ ಕುಂಕುಮದ ಕಾರ್ಯಕ್ರಮ ಶುರುವಾಯಿತು. ನಾನು ನನ್ನ ಪಾಡಿಗೆ ಹಿಂದೆ ಸರಿದು ಕಪಾಟಿನ ಹತ್ತಿರ ನಿಂತೆ. ಗೋಣಿಚೀಲ ಅಲ್ಲೇ ಕಾಲಬುಡದಲ್ಲಿದ್ದವು. ಯಾವ ಪುಸ್ತಕ ಮೊದಲು ತುಂಬಲಿ ಅಂತ ಯೋಚಿಸುವ ಮಟ್ಟಕ್ಕೆ ಬಂದಿದ್ದೆ.

ನಾಲ್ಕೂಮುಕ್ಕಾಲಿಗೆ ಗೇಟಿನಲ್ಲಿ ಗದ್ದಲ. ಶರಣಮ್ಮ ಮುಂದೆ, ಹಿಂದೆ ಹದಿಮೂರು ಮಂದಿ. ಸೀರೆಯ ಅಂಚಿಗೆಲ್ಲ ಸಿಮೆಂಟು, ಮುಖ ತೊಳೆದ ನೀರು ಇನ್ನೂ ಕಿವಿಯ ಹತ್ತಿರ. "ಈಗ ಮುಗೀತ್ರಿ ಅಕ್ಕೋರ! ಓಡ್ಕೊತ ಬಂದೀವಿ" ಅಂದಳು.

ಸುಲಭಾತಾಯಿ ಮೇಜಿನ ಮುಂದೆ ಫಾರ್ಮು ಇಟ್ಟುಕೊಂಡು ಕೂತರು. "ಪತೀಚಂ ನಾವ?" ಗಂಡನ ಹೆಸರು?

ಶರಣಮ್ಮ ನಕ್ಕಳು. ಪಕ್ಕದವಳು ನಕ್ಕಳು. ಹದಿನಾಲ್ಕೂ ಸೆರಗು ಬಾಯಿಗೆ ಹೋದವು. "ಹೇಳ್ರವ್ವಾ, ಹೊತ್ತಾಗ್ತದ!" ಅಂತ ಗದರಿಸಿದೆ. ಗದರಿಸಿದಷ್ಟೂ ನಗು ಹೆಚ್ಚಾಯಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಿಮಿಷ ಉಳಿದಿತ್ತು.

ಆಗ ಒಳಗಿನ ಸಭಾಂಗಣದಿಂದ ಕೂಗು ಎದ್ದಿತು. "ನಾವ ಘ್ಯಾ! ನಾವ ಘ್ಯಾ!" ಅರಿಶಿನ ಕುಂಕುಮಕ್ಕೆ ಬಂದ ಮರಾಠಿ ಹೆಂಗಸೊಬ್ಬಳನ್ನು ನಿಲ್ಲಿಸಿ, ಹೆಸರು ಹೇಳು ಅಂತ ಉಳಿದವರು ಪೀಡಿಸುತ್ತಿದ್ದರು. ಆಕೆ ಎರಡು ಸಾಲು ಪ್ರಾಸ ಕಟ್ಟಿ ನಡುವೆ ಗಂಡನ ಹೆಸರು ಸೇರಿಸಿ ಹೇಳಿದಳು, ಚಪ್ಪಾಳೆ ಬಿತ್ತು. ಅವರು ಅದಕ್ಕೆ ಉಖಾಣಾ ಅನ್ನುತ್ತಾರೆ. ಅಯ್ಯ ನನ್ನ ಬುದ್ಧಿಗಿಷ್ಟು! ಮದುವೆಯಲ್ಲಿ, ಸೀಮಂತದಲ್ಲಿ ನಾವು ಹೇಳುವ ಒಡಪು ಅಲ್ಲವೇ ಅದು? ಬರಿದೇ ಹೆಸರು ಹೇಳಿದರೆ ತಪ್ಪು. ಒಡಪು ಕಟ್ಟಿ ಹೇಳಿದರೆ ಹಬ್ಬ.

"ಒಡಪು ಹಾಕ್ರೇ!" ಅಂತ ಒದರಿದೆ. "ಹೆಸರು ಯಾರೂ ಕೇಳವಲ್ರು. ಒಡಪು ಹಾಕ್ರಿ!"

ಶರಣಮ್ಮನ ಕಣ್ಣು ಅರಳಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹತ್ತನೇ ಮಾಳಿಗಿ ಮ್ಯಾಲ ಬೀಸತದ ತಂಪ ಗಾಳಿ,
ಇಟ್ಟಂಗಿ ಹೊತ್ತ ಕೈಯಾಗ ಹಸರ ಗಾಜಿನ ಬಳಿ,
ಹಣಮಂತರಾಯರ ಹೆಸರ ಹೇಳ್ತೀನಿ ಎಲ್ಲಾರೂ ಕೇಳಿ!"

ಸುಲಭಾತಾಯಿ ಬರೆದುಕೊಂಡರು. ಇನ್ನೊಬ್ಬಳು ಅವಳನ್ನು ಪಕ್ಕಕ್ಕೆ ತಳ್ಳಿದಳು.

"ಸಿಗ್ನಲ್ ದೀಪ ಕೆಂಪ, ಗಡಗಿ ನೀರ ತಂಪ,
ನಿಂಗಪ್ಪ ಕೆಲಸಕ್ಕ ಹೋದ ಮ್ಯಾಲ ನಮ್ಮ ಹರಟಿ ಗುಂಪ!"

ಸಭಾಂಗಣದ ಹೆಂಗಸರು ಬಾಗಿಲಿಗೆ ಬಂದು ನಿಂತರು. ಭಾಷೆ ತಿಳಿಯದಿದ್ದರೂ ಎಲ್ಲಿ ಚಪ್ಪಾಳೆ ಹೊಡೆಯಬೇಕು ಅಂತ ಅವರಿಗೆ ಗೊತ್ತಿತ್ತು. ಪರೀಕ್ಷೆಯ ಹುಡುಗರೂ ಪುಸ್ತಕ ಮಡಚಿ ಇಣುಕಿದರು. ಹೆಸರುಗಳು ಒಂದರ ಹಿಂದೊಂದು ಬಂದವು. ಅನುಷಾ ಎಣಿಸುತ್ತಿದ್ದಳು. ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು.

ಉಳಿದವಳು ಮಾದೇವಮ್ಮ. ಆಕೆ ಹಿಂದಕ್ಕೆ ಸರಿದಳು. "ನನ್ನ ಬಿಡ್ರಿ. ನಮ್ಮವರು ಹೋಗ್ಯಾರ. ಮುತ್ತೈದೇರು ಹಾಕೂ ಒಡಪು ನಾ ಹೆಂಗ ಹಾಕ್ಲಿ?" ಯಾರಿಗೂ ಆಕೆಯನ್ನು ಒತ್ತಾಯಿಸುವ ಧೈರ್ಯ ಇರಲಿಲ್ಲ. ಇನ್ನು ನಾಲ್ಕು ನಿಮಿಷ.

ಆ ಧೈರ್ಯ ಅಲ್ಲಿ ಯಾರಿಗಾದರೂ ಸಲ್ಲುವುದಾದರೆ ನನಗೊಬ್ಬಳಿಗೇ. ನಾನು ಹೋಗಿ ಆಕೆಯ ಪಕ್ಕ ನಿಂತೆ. "ನಾನೂ ನಿನ್ನಂಗ. ನಾ ಮೊದಲ ಹಾಕ್ತೀನಿ, ಆಮ್ಯಾಲ ನೀ ಹಾಕು" ಅಂದೆ. ಎಂದೂ ಒಡಪು ಕಟ್ಟಿದವಳಲ್ಲ. ಕಪಾಟಿನ ಕಡೆ ನೋಡಿದೆ, ಬಾಯಿ ತಾನೇ ತೆರೆಯಿತು.

"ಸೀಸದ ಮೊಳಿ ಜೋಡಿಸಿ ಊರ ಮಂದಿ ಹೆಸರ ಅಚ್ಚ ಹಾಕಿದರು,
ತಮ್ಮ ಹೆಸರ ಎಲ್ಲೂ ಹಾಕದ ಸುಮ್ಮನ ಎದ್ದ ಹೋದರು,
ಗುರುಪಾದಪ್ಪ ಅಂತ ನಾ ಕರದರ ಕಪಾಟಿನಾಗಿಂದ ಓ ಅಂದರು."

ನನ್ನ ಧ್ವನಿಯಲ್ಲಿ ಆ ಹೆಸರು ಕೇಳಿದ್ದು ನನಗೇ ಮೊದಲ ಸಲ. ಆಕಾಶವೇನೂ ಕಳಚಿ ಬೀಳಲಿಲ್ಲ. ಮಾದೇವಮ್ಮ ನನ್ನ ಕೈ ಹಿಡಿದುಕೊಂಡು, ನೆಲ ನೋಡುತ್ತ, ಸಣ್ಣ ಧ್ವನಿಯಲ್ಲಿ ಹೇಳಿದಳು.

"ಬಾವಿ ಇಲ್ಲದ ಊರಾಗ ನೀರ ಹೊತ್ತ ತಂದೀನಿ,
ಯಾರಿಲ್ಲದ ಮನ್ಯಾಗ ದೀಪ ಹಚ್ಚೀನಿ,
ಸಾಬಣ್ಣನ ಹೆಸರಲೆ ಎರಡ ಮಕ್ಕಳ ಸಾಕೀನಿ."

ಸುಲಭಾತಾಯಿ ಬರೆದುಕೊಂಡರು, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು, ಠಸ್ಸೆ ಹೊಡೆದರು. ಇಪ್ಪತ್ತೈದು. ಗಡಿಯಾರ ನೋಡಿದರು, ಐದಕ್ಕೆ ಎರಡು ನಿಮಿಷ. "ಝಾಲಂ" ಅಂದರು. ಆಯಿತು ಅಂತ. ಅನುಷಾ ನನ್ನನ್ನು ಅಪ್ಪಿಕೊಂಡು ಕುಣಿದಳು. ನಾನು ಗೋಣಿಚೀಲಗಳ ಮೇಲೆಯೇ ಕುಸಿದು ಕೂತೆ. ಆಮೇಲೆ ಸುಲಭಾತಾಯಿ ಕುಂಕುಮದ ತಟ್ಟೆ ತಂದು ಮಾದೇವಮ್ಮನಿಗೂ ನನಗೂ ಕೇಳದೆಯೇ ಹಚ್ಚಿ, ಮುಷ್ಟಿ ತುಂಬ ತಿಳಗೂಳ ಕೊಟ್ಟರು. ಹಳೆಯ ಪತ್ರಿಕೆಗಳ ಸ್ಟ್ಯಾಂಡನ್ನು ವರಾಂಡಕ್ಕೆ ಸರಿಸಿದರೆ ಅಲ್ಲಿ ಒಂದು ಮೇಜು ಹಿಡಿಯುತ್ತದೆ, ಕಮಿಟಿಗೆ ಅದನ್ನು ತಾನೇ ಹೇಳುತ್ತೇನೆ ಅಂದರು. ಮೆಟ್ಟಿಲ ಮೇಲಿನ ಹುಡುಗಿಯದೂ ಚಿಂತೆ ಕಳೆಯಿತು.

ಸೋಮವಾರ ಒಂಬತ್ತಕ್ಕೆ ಊರಿನ ಹಾದಿ ಹಿಡಿಯುವ ಮುನ್ನ ಮತ್ತೊಮ್ಮೆ ವಾಚನಾಲಯಕ್ಕೆ ಹೋದೆ. ಗೋಣಿಚೀಲಗಳನ್ನು ಹಿಂದಿನ ದಿನವೇ ಶರಣಮ್ಮನಿಗೆ ಕೊಟ್ಟಿದ್ದೆ, ಚಳಿಗೆ ಶೆಡ್ಡಿನ ನೆಲಕ್ಕೆ ಹಾಸಲು. ಹೊಸ ಹಲಗೆ ಬರೆಸಲು ಒಂದು ತಿಂಗಳಾದರೂ ಬೇಕು ಅಂದರು ಸುಲಭಾತಾಯಿ. "ಅಲ್ಲಿ ತನಕಾ ನಾನೇ ತಿದ್ದಲೇನು?" ಅಂದೆ. ನಕ್ಕು, ಕುರ್ಚಿ ಹಾಕಿಕೊಟ್ಟರು.

ಕುರ್ಚಿ ಹತ್ತಿದೆ. ಚೀಲದಲ್ಲಿ ಅವರ ಕೆಂಪು ನೀಲಿ ಪೆನ್ಸಿಲ್ ಇತ್ತು, ಎಲ್ಲಿಗೆ ಹೋದರೂ ಇರುತ್ತದೆ. ಮೊದಲು ಮನಿಯಾವರ ಅನ್ನುವುದನ್ನು ಉದ್ದಕ್ಕೆ ಹೊಡೆದೆ. "ಕೈ." ಆದ ಮೇಲೆ ಇಲ್ಲಿ ಸೇರಿಸಿ ಅನ್ನುವ ಗಾಳದ ಗುರುತು ಹಾಕಿ, ಮೇಲಿನ ಬಿಳಿ ಜಾಗದಲ್ಲಿ ಕನ್ನಡದಲ್ಲಿ ಬರೆದೆ, ಗುರುಪಾದಪ್ಪ. ಬರೆದದ್ದೂ ಮೊದಲ ಸಲವೇ. ಒತ್ತಕ್ಷರ ಸರಿಯಾಗಿದೆಯೋ ಇಲ್ಲವೋ ಅಂತ ಎರಡು ಸಲ ನೋಡಿದೆ, ಇಲ್ಲದಿದ್ದರೆ ಅವರಿಗೆ ಸಮಾಧಾನ ಆಗುವುದಿಲ್ಲ.

ಅಷ್ಟರಲ್ಲಿ ಒಬ್ಬ ಸಣ್ಣ ಹುಡುಗಿ ಲಂಗ ಎತ್ತಿಕೊಂಡು ಒಳಗೆ ಬಂದಳು. ಮಾದೇವಮ್ಮನ ಮೊಮ್ಮಗಳು. ಹೊಸ ಸದಸ್ಯತ್ವದ ಚೀಟಿಯನ್ನು ಸುಲಭಾತಾಯಿಯ ಮುಂದೆ ಹಿಡಿದು, "ಮನಿಯಾವರ ಕಾಕಾಂಚ್ಯಾ ಕಪಾಟಾತಲಂ ಪುಸ್ತಕ ದ್ಯಾ" ಅಂದಳು. ಮನಿಯಾವರ ಕಾಕಾನ ಕಪಾಟಿನ ಪುಸ್ತಕ ಕೊಡಿ ಅಂತ.

ನಾನು ಹಲಗೆಯ ಕಡೆ ತಿರುಗಿದೆ. ಹೊಡೆದ ಪದವನ್ನು ಮತ್ತೊಮ್ಮೆ ಓದಿದೆ. ಮನಿಯವರು. ಅದರಲ್ಲಿ ಸುಳ್ಳೇನಿದೆ? ನಲವತ್ತು ವರ್ಷ ನಾನು ಅವರನ್ನು ಕರೆದದ್ದು ಅದೇ ಹೆಸರಿನಿಂದ. ಅನುಷಾ ಕೆಳಗಿನಿಂದ, "ಆಂಟಿ, ಬಸ್ ಮಿಸ್ ಆಗುತ್ತೆ" ಅಂದಳು.

ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿಕೊಂಡು, ಹೊಡೆದ ಪದದ ಕೆಳಗೆ ಒಂದೊಂದೇ ಚುಕ್ಕೆ ಇಟ್ಟು, ಕುರ್ಚಿ ಇಳಿದೆ.